ಫೋಟೋ ಸಂಘದ ಅಧ್ಯಕ್ಷೆ

ಮಾರ್ಚ್ 3, ಸೋಮವಾರ

ಇವತ್ತು ಮಧ್ಯಾಹ್ನದಿಂದ ನಾನು ಕಾರ್ಮಿಕ ಸಂಘದ ಅಧ್ಯಕ್ಷೆ. ಬೆಳಿಗ್ಗೆಯವರೆಗೆ ಸಂಘವೇ ಇರಲಿಲ್ಲ. ಈಗಲೂ ಇಲ್ಲ, ಆದರೆ ಅಧ್ಯಕ್ಷೆ ಇದ್ದಾಳೆ.

ನಾವು ಹೊಲಿಯುವ ಜಾಕೆಟ್ಟುಗಳನ್ನು ಸಮುದ್ರದಾಚೆಯ ಯಾವುದೋ ಚಳಿ ದೇಶದಲ್ಲಿ ಮಾರುವ ಕಂಪನಿಯಿದೆ. ಅವರಿಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಪ್ರೀತಿ ಉಕ್ಕಿದೆ. ಸಂಘವಿಲ್ಲದ ಫ್ಯಾಕ್ಟರಿಗೆ ಇನ್ನು ಮುಂದೆ ಆರ್ಡರ್ ಇಲ್ಲವಂತೆ. ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರು ಬೇಗಬೇಗ; ಅದನ್ನು ಬಿಟ್ಟು ಬೇರೆ ಮಾತು ಅವನ ಬಾಯಲ್ಲಿ ಬರುವುದು ಅಪರೂಪ. ಅವನು ಮೂರನೇ ಲೈನಿನ ಮುಂದೆ ನಿಂತು, ತರಕಾರಿ ಆರಿಸುವವನ ಹಾಗೆ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ನನ್ನತ್ತ ಬೆರಳು ತೋರಿಸಿದ.

"ನೀನು. ಸದಾ ವಟವಟ ಅಂತಿರ್ತೀಯಲ್ಲ, ನೀನೇ ಅಧ್ಯಕ್ಷೆ. ಬಾ ಬಾ, ಬೇಗಬೇಗ."

ನನ್ನ ನಾದಿನಿ ಖಜಾಂಚಿ. ಗಂಡನ ತಂಗಿ, ನನ್ನ ಪಕ್ಕದ ಮೆಷಿನ್ನಿನಲ್ಲಿ ಜಿಪ್ ಕೂರಿಸುತ್ತಾಳೆ. ಅವಳ ಗಂಡ ಲಾರಿ ಓಡಿಸುತ್ತಾ ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲೇ ಇದ್ದಾಳೆ. ಐದು ತಿಂಗಳ ಬಸುರಿ ಸಂಘದಲ್ಲಿದ್ದರೆ ನೋಡುವವರಿಗೆ ಚೆಂದ ಎಂದಳು ಎಚ್‌ಆರ್ ಹುಡುಗಿ. ಈ ಹುಡುಗಿ ಸಂಬಳ ಕಡಿತವನ್ನೂ ನಗುನಗುತ್ತಲೇ ಹೇಳುತ್ತಾಳೆ, ಅವಳಿಗೆ ನಾವು ಕರೆಯುವುದು ನಗುಮುಖ. ಗುಂಡಿ ಅಕ್ಕ ತಾನೂ ಸೇರುತ್ತೇನೆ ಅಂದಳು. ಜಾಕೆಟ್ಟಿಗೆ ಗುಂಡಿ ಹಾಕುವವಳು; ಹಿಂದೆ ಇನ್ನೊಂದು ಫ್ಯಾಕ್ಟರಿಯಲ್ಲಿ ನಿಜವಾದ ಸಂಘ ಕಟ್ಟಲು ಹೋಗಿ ಕೆಲಸ ಕಳೆದುಕೊಂಡವಳು. "ನಿಮ್ಮ ಮುಖದಲ್ಲಿ ಕಳೆ ಇಲ್ಲ" ಎಂದು ನಗುಮುಖ ಅವಳನ್ನು ಬಿಟ್ಟುಬಿಟ್ಟಳು.

ಕೈಯಲ್ಲಿ ಹಿಡಿದುಕೊಂಡು ಕೂರಲಿ ಎಂದು ಈ ಡೈರಿ ಕೊಟ್ಟಿದ್ದಾರೆ. ಖಾಲಿ ಹಾಳೆ ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ.

ಮನೆಯಲ್ಲಿ ಸುದ್ದಿ ಹೇಳಿದೆ. ನಮ್ಮ ಯಜಮಾನರು ಬೀದಿ ಮೂಲೆಯಲ್ಲಿ ಕ್ಷೌರದಂಗಡಿ ಇಟ್ಟಿದ್ದಾರೆ. "ಸಂಬಳ ಜಾಸ್ತಿಯಾ?" ಅಂದರು. ಇಲ್ಲ ಅಂದೆ. "ಹಂಗಾದ್ರೆ ಒಳ್ಳೇದಾಗಲಿ" ಅಂದು ಮಗ್ಗುಲಾದರು. ಅತ್ತೆ ಬಿಡುತ್ತಾರೆಯೇ? "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನಿಂಗೆ ಐಶ್ವರ್ಯನೂ ಬಂದಿಲ್ಲ, ಬರೀ ಕೊಡೆ!" ಅಂದರು.

ಮಾರ್ಚ್ 4, ಮಂಗಳವಾರ

ಒಂದು ವರ್ಷದ ಸಭೆಗಳನ್ನೆಲ್ಲ ಇವತ್ತು ಊಟದ ಬಿಡುವಿನಲ್ಲಿ ಮುಗಿಸಿದೆವು.

ಸಂಘ ಹೋದ ವರ್ಷದಿಂದಲೇ ಇದೆ ಎಂದು ತೋರಿಸಬೇಕಂತೆ. ನಗುಮುಖ ಕ್ಯಾಮೆರಾ ಹಿಡಿದು ನಿಂತಳು. "ಇದು ಜನವರಿ, ಸ್ವೆಟರ್ ಹಾಕ್ಕೊಳ್ಳಿ. ಇದು ಏಪ್ರಿಲ್, ಸ್ವೆಟರ್ ತೆಗೀರಿ, ಸ್ವಲ್ಪ ಗಾಳಿ ಬೀಸ್ಕೊಳ್ಳಿ." ನಾವು ಒಬ್ಬರ ದುಪಟ್ಟ ಇನ್ನೊಬ್ಬರು ಹೊದ್ದೆವು, ಜಾಗ ಬದಲಿಸಿದೆವು, ಜಡೆ ಬಿಚ್ಚಿ ತುರುಬು ಕಟ್ಟಿದೆವು. ಜೂನ್ ತಿಂಗಳಲ್ಲಿ ನಾನು ಮೇಜು ಗುದ್ದಿದೆ. ನಗುಮುಖ ತುಂಬ ಮೆಚ್ಚಿಕೊಂಡಳು.

"ಏನು ಮಾತಾಡೋದು?" ಅಂತ ಕೇಳಿದೆ.

"ಏನಾದ್ರೂ. ಬಾಯಿ ಆಡ್ತಿದ್ರೆ ಸಾಕು. ಫೋಟೋದಲ್ಲಿ ಶಬ್ದ ಬರಲ್ಲ."

ಹಾಗಾಗಿ ಹಲಗೆಯ ವಿಷಯ ಮಾತಾಡಿದೆವು. ನಲವತ್ತು ಹೆಂಗಸರ ಲೈನಿಗೆ ಒಂದೇ ಹಲಗೆ. ಒಂದಕ್ಕೋ ಎರಡಕ್ಕೋ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಅವಳು ಬರುವ ತನಕ ಮಿಕ್ಕವರು ಹಲ್ಲು ಕಚ್ಚಿ ಕೂರಬೇಕು. ತುಡುಗು ದನದ ಕೊರಳಿಗೆ ಮರದ ತುಂಡು ಕಟ್ಟುತ್ತಾರಲ್ಲ, ಹಾಗೆ. ದನಕ್ಕೆ ಎಲ್ಲಿ ಬೇಕಾದರೂ ಉಚ್ಚೆ ಹೊಯ್ಯುವ ಸ್ವಾತಂತ್ರ್ಯವಾದರೂ ಇದೆ. ಆಗಸ್ಟ್ ತಿಂಗಳ ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಎಷ್ಟು ನಕ್ಕರೆಂದರೆ, ಗಂಭೀರವಾಗಿ ಕೂತುಕೊಳ್ಳಿ ಎಂದು ಬೈಸಿಕೊಂಡೆವು.

ಕೊನೆಯಲ್ಲಿ ನಾದಿನಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅತ್ತಿಗೆ, ಜನವರಿಯಿಂದ ಡಿಸೆಂಬರ್‌ವರೆಗೂ ನಂಗೆ ಐದೇ ತಿಂಗಳಲ್ವಾ!"

"ಅಷ್ಟೆಲ್ಲಾ ಯಾರು ನೋಡ್ತಾರೆ?" ಅಂದಳು ನಗುಮುಖ.

ಮಾರ್ಚ್ 12, ಬುಧವಾರ

ಅಧ್ಯಕ್ಷೆ ಅಂದ ಮೇಲೆ ಒಂದು ಗೌರವ ಬೇಡವೇ? ನನ್ನನ್ನು ಮೂರನೇ ಲೈನಿಗೆ ಹಂಗಾಮಿ ಸೂಪರ್‌ವೈಸರ್ ಮಾಡಿದ್ದಾರೆ. ಇಷ್ಟು ವರ್ಷ ಕೂತದ್ದು ಬೆನ್ನಿಲ್ಲದ ಸ್ಟೂಲಿನ ಮೇಲೆ. ಈಗ ಬೆನ್ನಿರುವ ಕುರ್ಚಿ, ತಲೆಯ ಮೇಲೆ ಫ್ಯಾನು. ಸಂಜೆ ಸೊಂಟ ಹಿಡಿದುಕೊಳ್ಳದೆ ಮನೆಗೆ ನಡೆದು ಬಂದೆ. ಆಹಾ, ಇಷ್ಟು ಸುಖ ಅಂತ ಗೊತ್ತಿದ್ದರೆ ಹುಟ್ಟುವಾಗಲೇ ಸೂಪರ್‌ವೈಸರ್ ಆಗಿ ಹುಟ್ಟುತ್ತಿದ್ದೆ.

ಹಲಗೆ ಈಗ ನನ್ನ ಕುರ್ಚಿಗೆ ನೇತಾಡುತ್ತದೆ. ಬೇಕಾದವರು ಬಂದು ನನ್ನನ್ನು ಕೇಳಬೇಕು. ಮನೆಯಲ್ಲಿ ಟೀಗೆ ಸಕ್ಕರೆ ಹಾಕಲೂ ಅತ್ತೆಯ ಅಪ್ಪಣೆ ಬೇಕಾದ ನನಗೆ ಇಲ್ಲಿ ನಲವತ್ತು ಜನ ಅಪ್ಪಣೆ ಕೇಳುತ್ತಾರೆ. ಗುಂಡಿ ಅಕ್ಕ ಹಲಗೆ ತೆಗೆದುಕೊಳ್ಳುತ್ತಾ, "ಒಳ್ಳೇ ರಾಜ್ಯ ಸಿಕ್ತಮ್ಮ ನಿಂಗೆ" ಅಂದಳು. ಹೊಟ್ಟೆಕಿಚ್ಚು, ಮತ್ತೇನು.

ಮಾರ್ಚ್ 20, ಗುರುವಾರ

ಜಾಕೆಟ್ಟು ಕೊಳ್ಳುವ ಕಂಪನಿ ಕಳಿಸಿದ ಆಡಿಟ್‌ನವರು ಬಂದು ಹೋದರು. ಬೆಳಿಗ್ಗೆ ಬಂದಾಗ ಪಾಯಿಖಾನೆಯಲ್ಲಿ ಸೋಪಿತ್ತು. ಮೂಸಿ ನೋಡಿದೆ, ನಿಂಬೆಹಣ್ಣಿನ ವಾಸನೆ. ಹಲಗೆಗಳೆಲ್ಲ ಬೇಗಬೇಗನ ಕೋಣೆಯ ಬೀರುವಿನ ಹಿಂದೆ ಸೇರಿದ್ದವು. ನೀರು ಸಿಗುತ್ತದೆಯೇ? ಸಿಗುತ್ತದೆ. ಬಿಡುವು ಇದೆಯೇ? ಇದೆ. ಸಭೆಗಳಲ್ಲಿ ಏನು ಚರ್ಚಿಸುತ್ತೀರಿ? ಎಲ್ಲವನ್ನೂ. ಬಂದಿದ್ದ ಕನ್ನಡಕದವನು ನನ್ನ ಕೈ ಕುಲುಕಿ, ನಿಮ್ಮಂಥ ನಾಯಕಿಯರು ಬೇಕು ಅಂದ. ನಮ್ಮ ಫೋಟೋಗಳನ್ನು ಕಂಪನಿಯವರು ಇಂಟರ್ನೆಟ್ಟಿನಲ್ಲಿ ಹಾಕುತ್ತಾರಂತೆ, ಲೋಕವೇ ನೋಡುತ್ತದಂತೆ.

ಅವರ ಕಾರು ಗೇಟು ದಾಟಿತೋ ಇಲ್ಲವೋ, ಹಲಗೆ ವಾಪಸ್ಸು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ? ಸೋಪನ್ನು ಯಾರೋ ಹೊಡೆದುಕೊಂಡು ಹೋದರು. ಅದು ಈಗ ನಮ್ಮ ಬಚ್ಚಲಲ್ಲಿದೆ.

ಮಾರ್ಚ್ 28, ಶುಕ್ರವಾರ

ನಾದಿನಿ ಇವತ್ತು ಎರಡು ಸಲ ಬಂದು ಹಲಗೆ ಕೇಳಿದಳು. ಎರಡು ಸಲವೂ ಹಲಗೆ ಹೊರಗಿತ್ತು. "ತಡಿ, ಬರಲಿ" ಅಂದೆ. ಮೂರನೇ ಸಲ ಅವಳು ಬರಲಿಲ್ಲ. ನನ್ನವಳು ಅಂತ ಹಾಗೆಯೇ ಬಿಟ್ಟರೆ ಉಳಿದವರು ಬಾಯಿಗೆ ಬಂದಂತೆ ಆಡುವುದಿಲ್ಲವೇ? ಕುರ್ಚಿಯ ಮೇಲೆ ಕೂತವರಿಗೆ ಮನೆಯವರು ಬೇರೆಯವರು ಅಂತ ಇರಬಾರದು.

ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. "ಕುಡಿದ್ರೆ ತಾನೇ ಹೋಗೋದು ಅತ್ತಿಗೆ" ಅಂದಳು. ಬುದ್ಧಿವಂತೆ.

ಈಗ ಪಕ್ಕದ ಕೋಣೆಯಲ್ಲಿ ಚಳಿ ಅಂತ ಎರಡು ಕಂಬಳಿ ಹೊದ್ದು ಮಲಗಿದ್ದಾಳೆ. ಇಷ್ಟು ಸೆಕೆಯಲ್ಲಿ.

ಮಾರ್ಚ್ 29, ಶನಿವಾರ

ಆಸ್ಪತ್ರೆ. ಮೂತ್ರದ ಸೋಂಕು, ಜ್ವರ. ಡಾಕ್ಟರಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಬೈದರು. "ಬಸುರಿ ಹೆಂಗಸು ಹೀಗೆ ಕಟ್ಕೊಂಡು ಕೂರೋದಾ? ಇನ್ನೆರಡು ದಿನ ತಡ ಮಾಡಿದ್ರೆ ಮಗೂಗೇ ಆಪತ್ತಾಗ್ತಿತ್ತು. ಯಾರಮ್ಮ ನಿನ್ನ ತಡೆಯೋದು?"

ನಾದಿನಿ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಕೆಲಸ ಜಾಸ್ತಿ ಇತ್ತು ಮೇಡಂ" ಅಂದಳು.

ನನ್ನನ್ನು ತೋರಿಸಬಹುದಿತ್ತು. ತೋರಿಸಿದ್ದರೆ ಎರಡು ಮಾತು ತಿರುಗಿಸಿ ಆಡಿ ಹಗುರ ಮಾಡಿಕೊಳ್ಳುತ್ತಿದ್ದೆ. ಈಗ ಆಡುವುದಕ್ಕೆ ಏನೂ ಇಲ್ಲ.

ಏಪ್ರಿಲ್ 3, ಗುರುವಾರ

ನಾದಿನಿ ಗುಣವಾಗಿ ಇವತ್ತು ಕೆಲಸಕ್ಕೆ ಬಂದಳು. ಗೇಟಿನವನು ಒಳಗೆ ಬಿಡಲಿಲ್ಲ. "ನೀವೇ ಬಿಟ್ಟು ಹೋಗಿದೀರಂತಲ್ಲಮ್ಮ" ಅಂದನಂತೆ. ನಾನು ಬೇಗಬೇಗನ ಕೋಣೆಗೆ ಓಡಿದೆ.

"ಜ್ವರ ಬಂದಿತ್ತು ಸಾರ್. ಆಸ್ಪತ್ರೆಯಲ್ಲಿದ್ಲು."

"ಬಸುರಿ, ರೋಗ, ರಜ. ಸೀಸನ್ ಟೈಮಲ್ಲಿ ಇದೆಲ್ಲ ಆಗಲ್ಲ. ನೀನು ನಿನ್ನ ವಿಷಯ ನೋಡ್ಕೋ." ಆಮೇಲೆ, ನಾನು ಬಂದಾಗಿನಿಂದ ಮೊದಲ ಸಲ, ಕೂತ್ಕೋ ಅಂದ. ನಮ್ಮ ಜಾಕೆಟ್ಟುಗಳು ಹಡಗಿನಲ್ಲಿ ಹೋಗಿ ಇಳಿಯುವ ಗೋದಾಮಿದೆಯಲ್ಲ, ಅಲ್ಲಿಯ ಕೆಲಸಗಾರರ ಸಂಘದವರು ಇಂಟರ್ನೆಟ್ಟಿನಲ್ಲಿ ನಮ್ಮ ಫೋಟೋ ನೋಡಿದ್ದಾರಂತೆ. ವಿಡಿಯೋದಲ್ಲಿ ಮಾತಾಡಬೇಕಂತೆ, ಅಲ್ಲಿನ ಕಂಪನಿಯೂ ಒಪ್ಪಿದೆಯಂತೆ. "ಖಜಾಂಚಿ ಎಲ್ಲಿ ಅಂತ ಕೇಳಿದ್ರೆ, ಸಂಬಳ ಸಮೇತ ರಜೆ ಮೇಲೆ ಇದಾಳೆ, ಮನೇಲಿ ಆರಾಮಾಗಿದಾಳೆ ಅನ್ನು. ಅದೊಂದು ಮುಗೀಲಿ, ಸೂಪರ್‌ವೈಸರ್ ಕೆಲಸ ನಿಂಗೆ ಕಾಯಂ. ಹೆರಿಗೆ ಆದ್ಮೇಲೆ ಅವಳದ್ದೂ ನೋಡೋಣ."

ಹೇಳದಿದ್ದರೆ ಏನು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತು. ಕ್ಷೌರದಂಗಡಿಯನ್ನು ನಂಬಿದರೆ ನಮ್ಮ ಮನೆಯಲ್ಲಿ ತಿಂಗಳಿಗೆ ಹತ್ತು ದಿನ ಒಲೆ ಉರಿಯುತ್ತದೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಅಂದರು. "ಊರಿಗೆಲ್ಲ ಅಧ್ಯಕ್ಷೆ. ನನ್ನ ಮಗಳಿಗೆ ಏನು ನೀನು?"

ಏಪ್ರಿಲ್ 7, ಸೋಮವಾರ

ವಿಡಿಯೋದ ತಾಲೀಮು. ನಾದಿನಿಯ ಜಾಗ ಖಾಲಿ ಕಾಣಬಾರದೆಂದು ಗುಂಡಿ ಅಕ್ಕನನ್ನು ಕೂರಿಸಿದ್ದಾರೆ, ನಗಬೇಕು ಅನ್ನುವ ಷರತ್ತಿನ ಮೇಲೆ. ನಗುಮುಖ ಆಚೆ ದೇಶದವಳಾಗಿ ಕೇಳಿದಳು, "ನಿಮ್ಮ ಖಜಾಂಚಿ ಹೇಗಿದ್ದಾರೆ?" ನಾನು, "ಆರಾಮಾಗಿದ್ದಾಳೆ" ಅಂದೆ. "ಕಣ್ಣು ನೋಡಿ ಹೇಳಿ" ಅಂದಳು. ಎಷ್ಟೋ ಸಲ ಹೇಳಿಸಿದಳು. ಕೊನೆಗೆ ಚೆನ್ನಾಗಿ ಬಂತು.

ಹೊರಗೆ ಬಂದಾಗ ಗುಂಡಿ ಅಕ್ಕ ಬೈಯಬಹುದು ಅಂದುಕೊಂಡಿದ್ದೆ. "ಅವಳು ಈಗ ನೀರು ಕುಡಿತಾಳಾ?" ಅಂತ ಮಾತ್ರ ಕೇಳಿದಳು. ಕುಡಿಯುತ್ತಾಳೆ ಅಂದೆ. "ಸದ್ಯ" ಅಂದು ಹೋದಳು.

ಏಪ್ರಿಲ್ 8, ಮಂಗಳವಾರ

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇಷ್ಟು ವರ್ಷ ಇದಕ್ಕಾಗಿ ಹಂಬಲಿಸುತ್ತಿದ್ದೆ. ಮನೆ ತಣ್ಣಗಿದೆ. ಊಟ ಸೇರಲಿಲ್ಲ.

ಏಪ್ರಿಲ್ 10, ಗುರುವಾರ

ಇವತ್ತಿನದನ್ನು ಬರೆಯಲೇಬೇಕು.

ಬೇಗಬೇಗನ ಕೋಣೆಯಲ್ಲೇ ದೊಡ್ಡ ಟಿವಿ ಇಟ್ಟು ನಮ್ಮನ್ನು ಸಾಲಾಗಿ ಕೂರಿಸಿದರು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಆ ಕಂಪನಿಯ ಟೈ ಕಟ್ಟಿದ ಸಾಹೇಬ. ಮಿಕ್ಕ ಜಾಗದಲ್ಲೆಲ್ಲ ಗೋದಾಮು, ನಾಲ್ಕೈದು ಹೆಂಗಸರು, ಎಲ್ಲರ ಮೈಮೇಲೂ ಹಳದಿ ಅಂಗಿ. ಅವರ ಬೆನ್ನ ಹಿಂದೆ ಸೂರಿನವರೆಗೆ ಪೆಟ್ಟಿಗೆಗಳು. ನೋಡುತ್ತೇನೆ, ನಮ್ಮವೇ ಪೆಟ್ಟಿಗೆಗಳು! ಹೊಕ್ಕುಳಬಳ್ಳಿ ಕತ್ತರಿಸಿ ಕಳಿಸಿದ ಮಕ್ಕಳನ್ನು ಬೇರೆಯವರ ಮನೆಯಲ್ಲಿ ನೋಡಿದ ಹಾಗಾಯಿತು.

ಮುಂದೆ ನಿಂತಿದ್ದವಳು ನಮ್ಮ ಅತ್ತೆಯ ಗಾತ್ರದ ಹೆಂಗಸು, ಗಂಡಸರ ಹಾಗೆ ಕೂದಲು ಕತ್ತರಿಸಿದ್ದಾಳೆ. ಅವಳು ಹೇಳಿದ್ದನ್ನು ನಗುಮುಖ ನಮಗೆ ಹೇಳಬೇಕು. ನಮಸ್ಕಾರ ಆಯಿತು, ಹವಾಮಾನ ಆಯಿತು. ಆಮೇಲೆ ಅವಳು ಏನೋ ಕೇಳಿದಳು. ನಗುಮುಖಳ ನಗು ಅರ್ಧಕ್ಕೆ ನಿಂತಿತು.

"ಖಜಾಂಚಿ ಕ್ಷೇಮವಾ ಅಂತ ಕೇಳ್ತಿದಾರೆ."

"ಅಷ್ಟೇ ಅಲ್ಲ ಅವಳು ಹೇಳಿದ್ದು, ತುಂಬಾ ಹೇಳಿದ್ಲು" ಅಂದಳು ಗುಂಡಿ ಅಕ್ಕ.

ನಗುಮುಖ ಬೇಗಬೇಗನನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ವರ್ಷಪೂರ್ತಿ ಐದು ತಿಂಗಳ ಬಸುರಿಯಾಗಿದ್ದ ನಿಮ್ಮ ಖಜಾಂಚಿಗೆ ಹೆರಿಗೆ ಆಯ್ತಾ ಅಂತ ಕೇಳ್ತಿದಾರೆ. ನಮ್ಮಲ್ಲಿ ಎಲ್ಲರೂ ಹೆತ್ತವರೇ, ಯಾರಿಗೂ ಹಾಗಾಗಿಲ್ಲ ಅಂತಿದಾರೆ" ಅಂದಳು.

ಪರದೆಯಲ್ಲಿ ಆ ಹೆಂಗಸು ನಗುತ್ತಿದ್ದಳು. ಗೇಲಿಯಲ್ಲ. ನೀವು ಯಾವ ಬಿಕ್ಕಟ್ಟಿನಲ್ಲಿ ಸಿಕ್ಕಿದ್ದೀರೆಂದು ನನಗೆ ಗೊತ್ತು ಅನ್ನುವ ನಗು. ನಾನು ಬಾಯಿ ತೆರೆದೆ. ಆರಾಮಾಗಿದ್ದಾಳೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟು ತಾಲೀಮು ಮಾಡಿದ್ದೆ. ಹೊರಗೆ ಬರಲಿಲ್ಲ. ಆಸ್ಪತ್ರೆಯ ಕಿಟಕಿಯ ಕಡೆ ತಿರುಗಿದ ಆ ಮುಖವೇ ಕಣ್ಣ ಮುಂದೆ.

ಆ ಹೆಂಗಸೇ ಮುಂದುವರಿಸಿದಳು. ಮಣಿಕಟ್ಟಿಗೆ ಕಟ್ಟಿದ ಒಂದು ಯಂತ್ರ ತೋರಿಸಿ ಏನೇನೋ ಹೇಳಿದಳು. "ಅವರು... ನೀರಿನ ಸೌಲಭ್ಯದ ಬಗ್ಗೆ ಹೇಳ್ತಿದಾರೆ" ಎಂದಳು ನಗುಮುಖ, ಮುಖ ಕೆಂಪಗೆ. ಅದು ನಮಗೆ ಮುಟ್ಟಲಿಲ್ಲ ಅಂತ ಆ ಹೆಂಗಸಿಗೂ ಗೊತ್ತಾಯಿತು. ಅವಳು ತನ್ನ ಹೊತ್ತು ಎಣಿಸುವುದು ಇದೇ ಅನ್ನುವ ಹಾಗೆ ಯಂತ್ರವನ್ನು ಟಕಟಕ ಬಡಿದಳು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು, ಕಾಲು ಹೆಣೆದು ಕುಣಿದಳು, ಆಮೇಲೆ ಒಂದು ಬಾಟಲಿ ಎತ್ತಿಕೊಂಡು ಪೆಟ್ಟಿಗೆಗಳ ಮರೆಗೆ ಹೋಗಿ ಕುಕ್ಕರಿಸಿ ಕೂತು ತೋರಿಸಿದಳು.

ದೇವರೇ, ಅವಳೂ! ಅಂಥಾ ದೇಶದಲ್ಲೂ! ನನಗೆ ನಗು ತಡೆಯಲಾಗಲಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ. ಎದ್ದೆ. ಬೀರುವಿನ ಹಿಂದೆ ಕೈ ಹಾಕಿ, ಇವತ್ತಿಗೆಂದು ಮತ್ತೆ ಬಚ್ಚಿಟ್ಟಿದ್ದ ಹಲಗೆ ಎಳೆದೆ, ಕೊರಳಿಗೆ ಹಾಕಿಕೊಂಡೆ. ಲೈನಿನ ಹೆಂಗಸರು ಹಲ್ಲು ಕಚ್ಚಿ ಕೂರುವುದನ್ನು ತೋರಿಸಿದೆ. ಹೊಟ್ಟೆ ದೊಡ್ಡದು ಮಾಡಿ ತೋರಿಸಿದೆ, ಹಣೆ ಮುಟ್ಟಿ ಜ್ವರ ತೋರಿಸಿದೆ, ಗೇಟಿನ ಕಡೆ ಕೈ ಮಾಡಿ ಹೊರಗೆ ಹಾಕಿದ್ದನ್ನು ತೋರಿಸಿದೆ. ಕೊನೆಗೆ, ಆ ಹಲಗೆ ಕೊಡದೆ ಕೂತವಳು ಯಾರು ಅಂತ ನನ್ನ ಎದೆ ಮುಟ್ಟಿ ತೋರಿಸಿದೆ. ಯಾರೂ ಅನುವಾದ ಮಾಡಲಿಲ್ಲ. ಬೇಕಾಗಲೂ ಇಲ್ಲ.

ಬೇಗಬೇಗ ತಂತಿ ಕೀಳಲು ಓಡಿದ. ಅಷ್ಟರಲ್ಲಿ ಅವರು ರಟ್ಟಿನ ಮೇಲೆ ಒಂದು ಫೋನ್ ನಂಬರು ಬರೆದು ಎತ್ತಿ ಹಿಡಿದರು. ಗುಂಡಿ ಅಕ್ಕ ಅದನ್ನು ಅಂಗೈ ಮೇಲೆ ಗೀಚಿಕೊಂಡಳು. ಆಗ ನಕ್ಕಳು. ಅವಳಿಗೆ ಒಂದು ಹಲ್ಲಿಲ್ಲ ಅಂತ ನನಗೆ ಇವತ್ತೇ ಗೊತ್ತಾದದ್ದು.

ಏಪ್ರಿಲ್ 11, ಶುಕ್ರವಾರ

ಸಂಘ ವಿಸರ್ಜನೆ. ನಾನು ಸ್ಟೂಲಿಗೆ ವಾಪಸ್ಸು. ಟೈ ಸಾಹೇಬ ನೋಡಿಬಿಟ್ಟಿದ್ದಾನೆ, ಹಾಗಾಗಿ ಕೂಡಲೇ ನನ್ನನ್ನು ಓಡಿಸುವ ಧೈರ್ಯ ಇವರಿಗಿಲ್ಲ. ಅದರ ಬದಲು ಇಡೀ ಲೈನಿನ ಟಾರ್ಗೆಟ್ ಏರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆಗಳೆಲ್ಲ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿವೆ.

ಅತ್ತೆ ಬಾಯಿ ಬಿಟ್ಟರು. "ಕೆಲಸ ಹೋಗುತ್ತಾ?" ಹೋಗಬಹುದು ಅಂದೆ. ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು.

ಏಪ್ರಿಲ್ 14, ಸೋಮವಾರ

ಇವತ್ತು ಇಡೀ ಫ್ಯಾಕ್ಟರಿಗೆ ಒಟ್ಟಿಗೆ ಬಂತು.

ಯೋಜನೆ ಗುಂಡಿ ಅಕ್ಕನದು. "ಕೆಲಸ ನಿಲ್ಸಿದ್ರೆ ಮುಷ್ಕರ ಅಂತಾರೆ, ಪೊಲೀಸ್ ಕರೀತಾರೆ. ಒಂದಕ್ಕೆ ಹೋದ್ರೆ ಏನಂತ ಕರೀತಾರೆ?" ಅಂದಳು ಬೆಳಿಗ್ಗೆ ಗೇಟಿನಲ್ಲಿ. ಎಲ್ಲರೂ ಬಾಟಲಿ ಬಾಟಲಿ ನೀರು ಕುಡಿದೆವು. ಹಡಗಿಗೆ ಹೋಗುವ ಲಾರಿ ಬಂದು ನಿಂತ ಹೊತ್ತಿಗೆ ಮೂರನೇ ಲೈನ್ ಎದ್ದಿತು. ಹಲಗೆ ಯಾರೂ ಮುಟ್ಟಲಿಲ್ಲ. ಇರುವುದು ಎರಡು ಪಾಯಿಖಾನೆ. ಸಾಲು ಮೆಟ್ಟಿಲಿಳಿದು ಪ್ಯಾಕಿಂಗಿನವರ ತನಕ ಹೋಯಿತು. ಇದೇನು ಅಂತ ನೋಡಲು ಬಂದವರಿಗೂ ಹಿಂದಿನಿಂದ ಅವಸರವಾಯಿತು. ಮುಗಿಸಿ ಬಂದವರು ಮತ್ತೆ ನೀರು ಕುಡಿದು ಸಾಲಿನ ಕೊನೆಗೆ ಸೇರಿಕೊಂಡರು.

ಬೇಗಬೇಗ ಕೆಂಪಗಾಗಿ ಓಡಿ ಬಂದ. "ಏನಿದು? ಎಲ್ಲರಿಗೂ ಒಂದೇ ಸಲ ಬಂತಾ?"

"ಒಗ್ಗಟ್ಟು ಸಾರ್" ಅಂದೆ.

"ಬೇಗಬೇಗ ಮುಗಿಸಿ!"

"ಇದು ಬೇಗಬೇಗ ಅಂದ್ರೆ ಬರೋದಲ್ಲ ಸಾರ್" ಅಂದಳು ಪ್ಯಾಕಿಂಗಿನ ಮುದುಕಿ. ಮೆಟ್ಟಿಲಿನ ಉದ್ದಕ್ಕೂ ನಗು ಉರುಳಿಕೊಂಡು ಹೋಯಿತು. ಅವನಿಗೆ ಹೆದರಿ ನಾವು ಇಷ್ಟು ವರ್ಷ ಉಸಿರು ಹಿಡಿದಿದ್ದೆವಲ್ಲ, ಅವನ ಎದುರೇ ಹಾಗೆ ನಕ್ಕದ್ದು ಇದೇ ಮೊದಲು.

ಗುಂಡಿ ಅಕ್ಕ ಬೇಡಿಕೆ ಅನ್ನುವ ಮಾತನ್ನೇ ಎತ್ತಲಿಲ್ಲ. "ನೀರು ಜಾಸ್ತಿ ಆಗೋಗಿದೆ ಸಾರ್. ಆ ಹುಡುಗಿ ವಾಪಸ್ ಬಂದ್ರೆ, ಆ ಹಲಗೆ ಹೋದ್ರೆ, ಕಮ್ಮಿ ಆಗಬಹುದು" ಅಂದಳು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಮಾಲೀಕನ ಫೋನು, ಮೇಲೊಂದು ಫೋನು. ಸಂಜೆ ಖಾಲಿ ಲಾರಿ ವಾಪಸ್ಸು ಹೋಯಿತು.

ಏಪ್ರಿಲ್ 16, ಬುಧವಾರ

ನಾದಿನಿ ಮತ್ತೆ ನನ್ನ ಪಕ್ಕದಲ್ಲಿದ್ದಾಳೆ. ಲೈನಿನ ಹಲಗೆಗಳು ಹೋದವು. ಟಾರ್ಗೆಟ್ ಹಾಗೇ ಇದೆ, ಅದು ಬೇರೆ ಜಗಳ. ಅವಳು ಹತ್ತು ಗಂಟೆಯ ಸುಮಾರಿಗೆ ಎದ್ದು, ಯಾರ ಮುಖವನ್ನೂ ನೋಡದೆ, ಯಾರನ್ನೂ ಕೇಳದೆ ಹೋಗಿ ಬಂದಳು. ನನಗೆ ಸೂಜಿ ಕಾಣಿಸಲಿಲ್ಲ. ಎರಡು ಕಾಲರ್ ಸೊಟ್ಟಗಾದವು.

ರಾತ್ರಿ ಅವಳ ಹತ್ತಿರ ಹೇಳಿದೆ, "ಆವತ್ತು ನಾನು ಕೊಡಬೇಕಿತ್ತು ಕಣೇ." "ಕೊಡೋಕೆ ಅದು ಯಾರ ಅಪ್ಪನ ಆಸ್ತಿ ಅತ್ತಿಗೆ? ಬಿಡು" ಅಂದಳು.

ಬೇಗಬೇಗ ಮಧ್ಯಾಹ್ನ ಕರೆದು, ಸಂಘ ಗಿಂಘ ಅಂತ ತಲೆ ಹಾಕದಿದ್ದರೆ ಕುರ್ಚಿ ಈಗಲೂ ನಿನ್ನದೇ ಅಂದ. ಬೇಡ ಅಂದೆ. ಆ ಕುರ್ಚಿ ಕಿರುಗುಟ್ಟುತ್ತದೆ.

ಮೇ 4, ಭಾನುವಾರ

ನಿಜವಾದ ಸಂಘದ ಮೊದಲ ಸಭೆ ನಮ್ಮ ಯಜಮಾನರ ಕ್ಷೌರದಂಗಡಿಯಲ್ಲಿ, ಬಾಗಿಲು ಅರ್ಧ ಎಳೆದುಕೊಂಡು. ಕನ್ನಡಿಗಳಿಂದಾಗಿ ಬಂದವರು ಎರಡು ಪಟ್ಟು ಕಾಣುತ್ತಿದ್ದರು, ಧೈರ್ಯ ಬಂತು. ಅಧ್ಯಕ್ಷೆಯ ಚುನಾವಣೆಗೆ ಜಾಕೆಟ್ಟಿನ ಗುಂಡಿಗಳೇ ಮತ. ಬಿಳಿ ಗುಂಡಿ ನನಗೆ, ಕಪ್ಪು ಗುಂಡಿ ಗುಂಡಿ ಅಕ್ಕನಿಗೆ. ಪೌಡರ್ ಡಬ್ಬ ಬೋರಲು ಹಾಕಿದರೆ ಕಪ್ಪೋ ಕಪ್ಪು.

ಅನುಭವ ಇದ್ದವಳು ನಾನು! ಒಂದು ವರ್ಷದ ಸಭೆ ನಡೆಸಿದವಳು! ಕೃತಘ್ನರು. ನಾನೂ ಕಪ್ಪು ಗುಂಡಿಯನ್ನೇ ಹಾಕಿದ್ದೆ, ಅದು ಬೇರೆ ಮಾತು. ಅಂಗಡಿಯಲ್ಲಿ ಬೆಳಕು ಕಡಿಮೆ.

ಮೇ 14, ಬುಧವಾರ

ಗೋದಾಮಿನವರು ಆಗಾಗ ಗುಂಡಿ ಅಕ್ಕನ ಫೋನಿಗೆ ಬರೆಯುತ್ತಾರೆ. ಅವರ ಭಾಷೆಯನ್ನು ನಮ್ಮದಕ್ಕೆ ತಿರುಗಿಸುವ ಕೆಲಸ ಫೋನೇ ಮಾಡುತ್ತದೆ. ಹಿಂದೆ ಒಮ್ಮೆ, "ಪ್ರಿಯ ಸಹೋದರಿಯರೇ, ನಿಮ್ಮ ಮೂತ್ರಕೋಶಗಳ ವಿಜಯಕ್ಕೆ ಅಭಿನಂದನೆಗಳು" ಅಂತ ಬಂದಿತ್ತು. ವಾರಗಟ್ಟಲೆ ನಕ್ಕಿದ್ದೆವು.

ಇವತ್ತು ಬಂದದ್ದರಲ್ಲಿ ನಗುವಂಥದ್ದು ಇರಲಿಲ್ಲ. ನಮಗೆ ಬಾಟಲಿ ತೋರಿಸಿದ ಆ ದಪ್ಪ ಹೆಂಗಸನ್ನು ಕೆಲಸದಿಂದ ತೆಗೆದಿದ್ದಾರೆ. ಕಂಪನಿಯ ಮಾನ ಹೊರಗಿನವರ ಮುಂದೆ ಕಳೆದಳಂತೆ. ಹೊರಗಿನವರು ಅಂದರೆ ನಾವು. ಶುಕ್ರವಾರ ಅಲ್ಲಿಯವರು ನಮ್ಮ ಪೆಟ್ಟಿಗೆ ಮುಟ್ಟುವುದಿಲ್ಲವಂತೆ.

ಸಂಜೆ ಅಂಗಡಿಯಲ್ಲಿ ಸೇರಿದೆವು. "ಪಾಪ, ಸರಿ. ಆದ್ರೆ ಅವಳಿಗೂ ನಮಗೂ ಏನು ಸಂಬಂಧ? ನಮ್ಮದೇ ನಮಗೆ ಹಾಸಿ ಹೊದೆಯೋಷ್ಟಿದೆ" ಅಂದಳು ಇಸ್ತ್ರಿಯವಳು. ಕೆಲವರು ಹೌದು ಅಂದರು. ತಪ್ಪೇನಲ್ಲ, ಮಾರ್ಚ್ ತಿಂಗಳಲ್ಲಿ ನಾನೂ ಅದನ್ನೇ ಅನ್ನುತ್ತಿದ್ದೆ, ಇನ್ನೂ ಜೋರಾಗಿ. ಆದರೆ ನನಗೆ ಎಲ್ಲಿತ್ತೋ ಸಿಟ್ಟು. "ಅವಳು ಅಲ್ಲಿ ಕುಕ್ಕರಿಸಿ ಕೂತು ಮಾನ ಕಳ್ಕೊಂಡಿದ್ದು ಯಾರಿಗೋಸ್ಕರ? ನಮ್ಮ ಮನೆ ಹುಡುಗಿ ಕ್ಷೇಮವಾ ಅಂತ ಕೇಳೋಕೆ ತಾನೇ?" ಅಂತ ಕಿರುಚಿದೆ. ಯಜಮಾನರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. ಶುಕ್ರವಾರ ಹನ್ನೊಂದು ಗಂಟೆಗೆ ನಾವೂ ಮೆಷಿನ್ ಬಿಟ್ಟು ಏಳುವುದು ಅಂತ ಮಾತಾಯಿತು. ಎಷ್ಟು ಜನ ಏಳುತ್ತಾರೋ ಗೊತ್ತಿಲ್ಲ.

ಮೇ 16, ಶುಕ್ರವಾರ

ಯಾರೋ ಚಾಡಿ ಹೇಳಿದ್ದಾರೆ. ಹನ್ನೊಂದಾಗಲು ಸ್ವಲ್ಪ ಇರುವಾಗ ಬೇಗಬೇಗ ಗುಂಡಿ ಅಕ್ಕನನ್ನು ಮಾತಿಗೆಂದು ಕರೆದು ಕೋಣೆಯಲ್ಲಿ ಕೂರಿಸಿಕೊಂಡ. ಆಮೇಲೆ ಹೊರಬಂದು ಎಲ್ಲರಿಗೂ ಕೇಳುವ ಹಾಗೆ, ಈ ಸಲ ಎದ್ದವರು ಮನೆಗೇ ಹೋಗಬಹುದು ಅಂದ.

ಹನ್ನೊಂದಾಯಿತು. ಮೆಷಿನ್ನುಗಳು ಓಡುತ್ತಲೇ ಇದ್ದವು. ಒಬ್ಬೊಬ್ಬರೂ ಪಕ್ಕದವಳನ್ನು ಓರೆಗಣ್ಣಿನಿಂದ ನೋಡುವುದು, ತಲೆ ತಗ್ಗಿಸುವುದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನನಗೋ ಭಯ ಅಂದರೆ ಭಯ. ಕೆಲಸದ ಭಯಕ್ಕಿಂತ ದೊಡ್ಡದು, ನಾನೊಬ್ಬಳೇ ಎದ್ದು ನಿಂತು ಹಿಂದೆ ಯಾರೂ ಇಲ್ಲದಿದ್ದರೆ ಅನ್ನುವುದು.

ಎದ್ದೆ. ತಿರುಗಿ ನೋಡಲಿಲ್ಲ, ನೋಡಿದ್ದರೆ ಕೂತುಬಿಡುತ್ತಿದ್ದೆ. ನಾಲ್ಕು ಹೆಜ್ಜೆ ಹಾಕಿದೆ. ಹಿಂದೆ ಮೆಷಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಒಂದು ಸ್ಟೂಲು ಕಿರ್ ಅಂತ ಸರಿಯಿತು. "ಮೆಲ್ಲಗೆ ನಡಿ ಅತ್ತಿಗೆ, ನನ್ನ ಹೊಟ್ಟೆ ನೋಡು" ಅಂದಳು ನಾದಿನಿ. ಆಮೇಲೆ ಇನ್ನೊಂದು ಸ್ಟೂಲು. ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಮೆಷಿನ್ನುಗಳು ಒಂದೊಂದಾಗಿ ನಿಲ್ಲುತ್ತಾ ಬಂದು ಇಡೀ ಮಹಡಿ ನಿಶ್ಶಬ್ದವಾಯಿತು. ಪಾಯಿಖಾನೆಯ ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದರೆ, ಸಾಲಿನ ಬಾಲ ಮೆಟ್ಟಿಲಿಗೆ ಮುಟ್ಟಿದೆ, ಇಸ್ತ್ರಿಯವಳೂ ಇದ್ದಾಳೆ, ನನ್ನನ್ನು ಶಪಿಸುತ್ತಾ.

ಬೇಗಬೇಗ ಬಂದ. ಈ ಸಲ ಕೂಗಲಿಲ್ಲ. ನಿಜವಾಗಿ ಅರ್ಥವಾಗದವನ ಹಾಗೆ ನಿಂತಿದ್ದ.

"ನಿಮ್ಮ ಹುಡುಗೀನ ವಾಪಸ್ ತಗೊಂಡಾಯ್ತಲ್ಲ. ಇವತ್ತು ಯಾರಿಗೋಸ್ಕರ?"

"ಹೆಸರು ನಾಲಿಗೆಗೆ ತಿರುಗಲ್ಲ ಸಾರ್. ನಮ್ಮವಳೇ" ಅಂದೆ.

ಅಷ್ಟರಲ್ಲಿ ನನ್ನ ಸರದಿ ಬಂತು. ಒಳಗೆ ಹೋದೆ.